ಎಂಟರ ನೋಟ

ನಮ್ಮ ಊರಿನಲ್ಲಿ ಯಾರೂ ಯಾರ ಕಣ್ಣನ್ನೂ ಎಂಟು ಎಣಿಸುವಷ್ಟು ಹೊತ್ತು ನೋಡುವುದಿಲ್ಲ. ನೋಡಿದರೆ, ಆಗ ಮನಸ್ಸಿನಲ್ಲಿ ಹಿಡಿದಿದ್ದ ನೆನಪು ಎದುರಿನವರಿಗೆ ಹೋಗುತ್ತದೆ. ಆಮೇಲೆ ಅದು ನಮ್ಮಲ್ಲಿ ಇರುವುದಿಲ್ಲ. ಎಂಟು ದಾಟಿಯೂ ನೋಡುತ್ತಲೇ ಇದ್ದರೆ ಆ ನೆನಪಿಗೆ ಅಂಟಿಕೊಂಡದ್ದೆಲ್ಲ ಅದರ ಹಿಂದೆಯೇ ಹೋಗುತ್ತದೆ. ಆದ್ದರಿಂದ ಹಾಲು ಹಾಕುವವನು ಪಾತ್ರೆ ನೋಡಿಕೊಂಡು ಮಾತಾಡುತ್ತಾನೆ. ಮೇಷ್ಟರು ಹಿಂದಿನ ಗೋಡೆಗೆ ಪಾಠ ಹೇಳುತ್ತಾರೆ. ಗಂಡ ಹೆಂಡತಿ ಒಬ್ಬರ ಕಿವಿಯನ್ನು ಇನ್ನೊಬ್ಬರು ನೋಡಿಕೊಂಡು ಜಗಳವಾಡುತ್ತಾರೆ. ಮದುವೆಯಾಗಿ ಇಲ್ಲಿಗೆ ಬಂದ ಮೊದಲ ತಿಂಗಳು ಎಲ್ಲರೂ ನನ್ನ ಓಲೆಯನ್ನು ಗಮನಿಸುತ್ತಿದ್ದಾರೆ ಎಂದುಕೊಂಡಿದ್ದೆ.

ಕೆಲಸಕ್ಕೆ ಆಳು ಆರಿಸುವುದೂ ಹೀಗೆಯೇ. ಸಂದರ್ಶನದಲ್ಲಿ ನಾಲ್ಕು ಪ್ರಶ್ನೆ ಕೇಳುತ್ತಾರೆ. ಉತ್ತರವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಕೊನೆಯಲ್ಲಿ ಎಂಟರ ನೋಟ. ಅಭ್ಯರ್ಥಿ ತನ್ನ ಯೋಗ್ಯತೆಗೆ ಸಾಕ್ಷಿಯಾಗುವ ಒಂದು ನೆನಪನ್ನು ಹಿಡಿದುಕೊಳ್ಳಬೇಕು, ಅಧಿಕಾರಿ ಮನಸ್ಸನ್ನು ಖಾಲಿ ಇಟ್ಟುಕೊಂಡು ಕೂರಬೇಕು. ಅದು ಅವರಿಗೆ ಕಷ್ಟವಲ್ಲ. ಊರಿನವರು ಜಾಣರು, ಒಳ್ಳೆಯ ನೆನಪನ್ನು ಯಾರೂ ಕೊಡುವುದಿಲ್ಲ. ಸಂದರ್ಶನದ ಹಿಂದಿನ ವಾರ ರಸ್ತೆಬದಿಯಲ್ಲಿ ಒಂದು ಸಸಿ ನೆಟ್ಟು ಆ ನೆನಪನ್ನು ತೆಗೆದುಕೊಂಡು ಹೋಗುತ್ತಾರೆ. ಶ್ರದ್ಧೆ, ಪರಿಸರ ಕಾಳಜಿ, ದೈಹಿಕ ಶ್ರಮ, ಮೂರೂ ಅದರಲ್ಲಿ ಇರುತ್ತವೆ. ಹೀಗಾಗಿ ನಮ್ಮ ಊರಿನ ರಸ್ತೆಗಳ ಎರಡೂ ಬದಿ ಒಣಗಿದ ಸಸಿಗಳ ಸಾಲು. ನೆಟ್ಟವರಿಗೆ ನೆಟ್ಟದ್ದೇ ನೆನಪಿಲ್ಲ, ನೀರು ಹಾಕುವವರು ಯಾರು?

ನಾನು ಹೊರಗಿನವಳು, ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವಳು, ಸಸಿಯ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಮದುವೆಯಾದ ಎರಡನೆಯ ವರ್ಷ ನನ್ನ ಗಂಡ ಶ್ರೀಕಂಠ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಸರ್ಕಾರಿ ನೌಕರರಾಗಿದ್ದರಿಂದ ನನಗೆ ಅನುಕಂಪದ ನೌಕರಿ ಕೊಡಲು ಕರೆದರು. ಸಮಿತಿಯ ಅಧ್ಯಕ್ಷರು, "ನಿಮ್ಮ ಪರಿಸ್ಥಿತಿ ತೋರಿಸಿ" ಎಂದರು. ನನ್ನ ಬಳಿ ಇದ್ದದ್ದನ್ನು ತೋರಿಸಿದೆ. ಶ್ರೀಕಂಠರ ಕೊನೆಯ ಬೆಳಗು, ಅವರು ಕೇಳಿದ್ದು, ನಾನು ಹೇಳಿದ್ದು; ಏನೆಂದು ಈಗ ನನಗೆ ಗೊತ್ತಿಲ್ಲ. ಅಧ್ಯಕ್ಷರು ಕಣ್ಣೊರೆಸಿಕೊಂಡು ಸಹಿ ಮಾಡಿದರು. ನಾನು ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿದೆ. ಗಂಡ ಸತ್ತಿದ್ದಾರೆ ಎನ್ನುವುದು ನನಗೆ ಮರಣ ಪ್ರಮಾಣಪತ್ರದಿಂದ ಗೊತ್ತು. ಜನ ನನ್ನನ್ನು ಗಟ್ಟಿ ಹೆಣ್ಣು ಎನ್ನುತ್ತಾರೆ.

ಕೊಟ್ಟ ಕೆಲಸ ವಿಶೇಷ ಯುವಜನರ ಉದ್ಯೋಗ ತರಬೇತಿ ಕೇಂದ್ರದಲ್ಲಿ. ಹಳೆಯ ಅಂಚೆ ಕಚೇರಿಯ ಎರಡು ಕೋಣೆ. ಆಟಿಸಂ ಇದ್ದವರು, ಓದುವಾಗ ಕಣ್ಣೆದುರು ಅಕ್ಷರಗಳು ಕದಲುವವರು, ಒಂದೆಡೆ ಕೂರಲಾಗದವರು. ಎಲ್ಲರೂ ಇಪ್ಪತ್ತು ದಾಟಿದವರು. ಇವರನ್ನು ಸಂದರ್ಶನಕ್ಕೆ ತಯಾರು ಮಾಡುವುದು ನನ್ನ ಪಾಲಿಗೆ ಬಂತು. ಟೈಪಿಂಗ್ ಕಲಿಸುತ್ತಿದ್ದ ಫಿಲೋಮಿನಾ ಟೀಚರ್ ನನಗಿಂತ ಇಪ್ಪತ್ತೈದು ವರ್ಷ ಹಿರಿಯರು. ಮೊದಲ ದಿನವೇ ನನ್ನ ಭುಜದಾಚೆ ನೋಡಿಕೊಂಡು ಹೇಳಿದರು: "ಕುಮುದಾ, ಇವರಿಗೆ ಏನು ಬರಲ್ಲ ಅಂತ ಕೇಳಬೇಡ. ಅದನ್ನ ಊರೆಲ್ಲ ಕೇಳಿ ಆಗಿದೆ."

ಕೇಳಲಿಲ್ಲ. ನಿಮ್ಮ ಶಕ್ತಿ ಏನು ಎಂದು ಬರೆಯಿರಿ ಎಂದೆ. ನಾನು ಓದಿದ ಪದ್ಧತಿಯೂ ಅದೇ: ಕೊರತೆಯನ್ನು ಬಿಟ್ಟು ಬಲದಿಂದ ಶುರುಮಾಡುವುದು.

ಚೆಲುವರಾಜು ಎಂಬ ಇಪ್ಪತ್ತೆರಡರ ಹುಡುಗ ಏನೂ ಬರೆಯದೆ ಹಾಳೆಯನ್ನು ಹಿಂದಿರುಗಿಸಿದ. "ಬಾಯಲ್ಲಿ ಹೇಳು" ಎಂದೆ.

"ಏನು ಹೇಳಲಿ?"

"ನಿನ್ನ ಬಗ್ಗೆ."

"ಐದಡಿ ಆರೂವರೆ ಇಂಚು. ನಿಂತಾಗ."

"ನಿನ್ನ ದೌರ್ಬಲ್ಯ?"

"ಕುಕ್ಕರ್ ಶೀಟಿ."

"ಶಕ್ತಿ?"

ಅವನು ಎದ್ದು ಹೊರಗೆ ನಡೆದ. ನಾನು ಹಿಂದೆ ಹೋದೆ. ಟೈಲರ್ ಅಂಗಡಿಯ ಮುಂದೆ ರಸ್ತೆಯ ಮೇಲೆಯೇ ಮಲಗಿ ಡಾಂಬರಿಗೆ ಕಿವಿ ಇಟ್ಟ. ಸೈಕಲ್‌ನವನೊಬ್ಬ, "ಏಯ್, ಬೆಳಿಗ್ಗೆನೇ ಏರಿಸ್ಕೊಂಡಿದೀಯೇನೋ" ಎಂದು ಬೈದು ಸುತ್ತಿಕೊಂಡು ಹೋದ. ಚೆಲುವ ಏಳುವ ಹೊತ್ತಿಗೆ ಅವನ ಮುಖ ಬೇರೆಯಾಗಿತ್ತು, ಸ್ನಾನ ಮಾಡಿ ಬಂದವರ ಮುಖದಂತೆ. "ಇಲ್ಲಿ ಪೈಪ್ ಒಡೆದಿದೆ ಅಕ್ಕ. ಒಂದು ಮೊಳಕ್ಕಿಂತ ಸ್ವಲ್ಪ ಕೆಳಗೆ. ಮೊನ್ನೆಯಿಂದ."

"ಹೇಗೆ ಗೊತ್ತು?"

"ಓಡೋ ನೀರು ಮಾತಾಡುತ್ತೆ. ಸೋರೋ ನೀರು ಹಲ್ಲು ಕಡಿಯುತ್ತೆ."

ನೀರು ಸರಬರಾಜು ಕಚೇರಿಯ ವಾಲ್ವ್‌ಮನ್‌ನನ್ನು ಕರೆಸಿ ಅಗೆಸಿದೆ. ಒಡೆದಿತ್ತು.

ಅವನ ತಾಯಿ ಪುಟ್ಟತಾಯಮ್ಮ ಹೋಟೆಲೊಂದರಲ್ಲಿ ರುಬ್ಬುವ ಕೆಲಸ ಮಾಡುತ್ತಿದ್ದರು. ಮಗನ ಕಥೆಯನ್ನು ಅವರೇ ಹೇಳಿದರು. "ಚಿಕ್ಕವನಿದ್ದಾಗ ಸದ್ದಿಗೆ ಹುಚ್ಚೆದ್ದು ಓಡೋನು ಮೇಡಮ್ಮೋರೆ. ಮದುವೆ ಮನೆ ಓಲಗಕ್ಕೆ ಒಂದ್ಸಲ ಓಡಿ ಎಲ್ಲೋ ಹೋಗ್ಬುಟ್ಟ. ಹುಡುಕ್ಕೊಂಡು ಹೋದ್ರೆ ರೇಷನ್ ಅಂಗಡಿ ಮುಂದೆ ಬೀದೀಲಿ ಕಿವಿ ಕೊಟ್ಕೊಂಡು ಬಿದ್ದವ್ನೆ. ಸತ್ತೋದ ಅಂದ್ಕೊಂಡೆ. ನೋಡಿದ್ರೆ ನಗ್ತಾವ್ನೆ! ಆವತ್ತಿಂದ ಸದ್ದು ಜಾಸ್ತಿ ಆದ್ರೆ ನೆಲಕ್ಕೆ ಕಿವಿ. ಅಷ್ಟೇ ಅವನ ಔಷಧಿ."

ಆಗ ಅವನಿಗೆ ಒಂಬತ್ತು ವರ್ಷ. ಆ ಮಧ್ಯಾಹ್ನದ ವಿಷಯವನ್ನು ಆಮೇಲೆ ಅವನೂ ಹೇಳಿದ: ತಲೆಯೊಳಗಿನ ಸದ್ದೆಲ್ಲ ಒಮ್ಮೆಗೇ ನಿಂತು, ಕೆಳಗೆ ನೀರು ಹೋಗುವುದೊಂದೇ ಕೇಳಿಸಿದ ಮೊದಲ ಸಲ.

ಎಂಟು ತಿಂಗಳು ಕಲಿಸಿದೆ. ಇವರಿಗೆ ಕಣ್ಣೆತ್ತಿ ನೋಡುವುದೇ ಬಾರದು, ಅದರಲ್ಲೂ ಎಂಟರವರೆಗೆ. ಮೊದಲು ನನ್ನ ಗಲ್ಲ, ಆಮೇಲೆ ಮೂಗು, ಆಮೇಲೆ ಕಣ್ಣು. ಅಭ್ಯಾಸಕ್ಕೆ ಬೆಲೆಬಾಳುವ ನೆನಪು ಕೊಡಬಾರದಲ್ಲ, ಬೆಳಗಿನ ತಿಂಡಿಯನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಿ ಎನ್ನುತ್ತಿದ್ದೆ. ನನ್ನ ತಲೆಯಲ್ಲಿ ಈಗಲೂ ಹನ್ನೊಂದು ಮನೆಗಳ ಇಡ್ಲಿ ಉಪ್ಪಿಟ್ಟುಗಳಿವೆ, ಹನ್ನೊಂದು ಅಮ್ಮಂದಿರ ಕೈಯವು. ಪುಟ್ಟತಾಯಮ್ಮ ಬಂದು, "ಏನ್ ಕಲಿಸ್ತಿದೀರೋ ನಮ್ಮವ್ವ, ಮನೇಗೆ ಬಂದು ನಾನು ತಿಂಡಿನೇ ತಿಂದಿಲ್ಲ ಅಂತಾನೆ, ಎರಡೆರಡು ಸಲ ತಿಂತಾನೆ" ಎಂದಾಗ ಫಿಲೋಮಿನಾ ಟೀಚರ್ ಟೈಪ್‌ರೈಟರ್ ಮೇಲೆ ತಲೆಯಿಟ್ಟು ನಕ್ಕರು. ನಾನೂ ನಕ್ಕೆ ಎಂದು ಅವರು ಹೇಳುತ್ತಾರೆ, ನನಗೆ ತಿಳಿಯಲಿಲ್ಲ.

ಚೆಲುವನಿಗೆ ಒಂದು ತೊಡಕಿತ್ತು. "ನೆನಪು ಹಿಡ್ಕೊಂಡು ಎಣಿಸೋಕೂ ಆಗಲ್ಲ ಅಕ್ಕ. ಒಂದೇ ಮಾಡ್ತೀನಿ."

"ನೀನು ನೆನಪು ಹಿಡ್ಕೊ. ಎಣಿಸೋದು ನನಗೆ ಬಿಡು" ಎಂದೆ. ಎಂಟಾದಾಗ ಪೆನ್ನಿನಿಂದ ಮೇಜಿಗೆ ಟಕ್ ಎಂದು ಹೊಡೆಯುತ್ತಿದ್ದೆ. ಅವನು ತಕ್ಷಣ ಕಣ್ಣು ತಗ್ಗಿಸುತ್ತಿದ್ದ. ಒಮ್ಮೆಯೂ ತಪ್ಪಲಿಲ್ಲ. ಅವನಷ್ಟು ಸ್ಥಿರವಾಗಿ ನೋಡುವವರು ನನ್ನ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮೊದಲ ಸಲ ಅವನನ್ನು ಒಂದು ಗೋದಾಮಿನ ಕೆಲಸಕ್ಕೆ ಕಳಿಸುವಾಗ ಎಲ್ಲರಂತೆ ಸಸಿಯನ್ನೇ ನೆಡಿಸಿದ್ದೆ. ಅವನು ಒಳಗೆ ಹೋಗಿ, "ಈ ಸಸಿ ನಂದಲ್ಲ, ಅಕ್ಕ ನೆಡಿಸಿದ್ದು. ಬೇಕಾದ್ರೆ ತಗೊಳ್ಳಿ" ಎಂದನಂತೆ. ಕುಳಿತವರು ನಕ್ಕು ಮನೆಗೆ ಕಳಿಸಿದರು.

ಅಷ್ಟರಲ್ಲಿ ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಪತ್ತೆ ಸಹಾಯಕ ಎಂಬ ಒಂದು ಹುದ್ದೆ ಖಾಲಿ ಇದೆ ಎಂದು ಪ್ರಕಟಣೆ ಬಂತು. ಇವನಿಗಾಗಿಯೇ ಮಾಡಿದ ಹುದ್ದೆ ಅನಿಸಿತು. ಕಬ್ಬಿಣದ ಸರಳನ್ನು ರಸ್ತೆಗೆ ಊರಿ ಅದರ ತುದಿಗೆ ಕಿವಿ ಇಟ್ಟು ಕೇಳುವುದೇ ಕೆಲಸ.

"ರೇಷನ್ ಅಂಗಡಿ ಮುಂದಿನ ಆ ಮಧ್ಯಾಹ್ನ ಇದೆಯಲ್ಲ ಚೆಲುವ, ಅದನ್ನೇ ಹಿಡ್ಕೊ" ಎಂದೆ.

ಅವನು ಬಹಳ ಹೊತ್ತು ಮೇಜಿನ ಅಂಚು ಸವರಿದ. "ಅದು ಹೋಗುತ್ತಲ್ಲ."

"ಆ ಒಂದು ದಿನ ಹೋಗುತ್ತೆ. ಕೇಳೋದು ಹೋಗಲ್ಲ. ಕೆಲಸ ಸಿಕ್ಕಿದರೆ ದಿನಾ ಕೇಳಬಹುದು."

ಫಿಲೋಮಿನಾ ಟೀಚರ್ ಅವನು ಹೋಗುವವರೆಗೆ ಕಾದರು. "ಸಸಿ ನೆಡಿಸಿ ಕಳಿಸು ಕುಮುದಾ. ಇನ್ನೊಂದು ಹತ್ತು ಸಲ ಬೇಕಾದ್ರೂ ಫೇಲಾಗಲಿ. ಈ ಮಕ್ಕಳ ಹತ್ರ ಕೊಡೋದಕ್ಕೆ ಅಂತ ಬೇರೆ, ಇಟ್ಕೊಳ್ಳೋದಕ್ಕೆ ಅಂತ ಬೇರೆ ಇರಲ್ಲ."

"ನಿಜವಾದ ಶಕ್ತಿ ತೋರಿಸಿ ಒಬ್ಬನಾದರೂ ಒಳಗೆ ಹೋಗಲಿ ಟೀಚರ್. ಎಷ್ಟು ದಿನ ಸಸಿ ನೆಡೋದು?"

"ನೀನು ನಿಜವಾದ್ದು ಕೊಟ್ಟೆಯಲ್ಲ" ಎಂದರು ಅವರು. "ಅದಕ್ಕೇ ಹೇಳಿದ್ದು."

ನಾನು ಪಠ್ಯದಲ್ಲಿದ್ದ ಎರಡು ಮಾತು ಹೇಳಿದೆ. ನಿಜವಾದದ್ದನ್ನು ಕೊಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಹೇಳಿದೆ.

ಸಂದರ್ಶನದ ದಿನ ಪುಟ್ಟತಾಯಮ್ಮ ಮಗನ ತಲೆಗೆ ಎಣ್ಣೆ ಹಚ್ಚಿ ಬಾಚಿ, ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿ ಕರೆತಂದಿದ್ದರು. ಅಂಗಿಯ ಕಾಲರಿನೊಳಗಿನ ಲೇಬಲ್ ಚುಚ್ಚುತ್ತದೆಂದು ಅವನು ಅದನ್ನು ಕತ್ತರಿಸಿಕೊಂಡಿದ್ದ. ಸಂದರ್ಶನ ಮಾಡುವವರು ಸಹಾಯಕ ಎಂಜಿನಿಯರ್ ಪದ್ಮರಾಜಯ್ಯ, ನಿವೃತ್ತಿಗೆ ಒಂದು ವರ್ಷ ಉಳಿದಿದ್ದವರು. ಒಳಗೆ ಅಭ್ಯರ್ಥಿ ಮಾತ್ರ ಹೋಗಬೇಕು. ನಾನೂ ಪುಟ್ಟತಾಯಮ್ಮನೂ ಹೊರಗಿನ ಬೆಂಚಿನಲ್ಲಿ ಕೂತೆವು. "ಸರ್ಕಾರಿ ಕುರ್ಚಿ ಸಿಕ್ಕಿದ್ರೆ ನಾನು ಕಣ್ಮುಚ್ಚಿದ ಮೇಲೂ ಅನ್ನಕ್ಕೆ ಚಿಂತೆ ಇಲ್ಲ ಅಲ್ವ್ರಾ?" ಎಂದು ಅವರು ಮೂರು ಸಲ ಕೇಳಿದರು. ಮೂರು ಸಲವೂ ಹೂಂ ಎಂದೆ.

ಚೆಲುವ ಹೊರಗೆ ಬಂದ.

"ಆಯ್ತಾ?"

"ಆಯ್ತು." ಅವನು ನನ್ನ ಕೈಯಲ್ಲಿದ್ದ ಪೆನ್ನನ್ನು ನೋಡಿದ. "ಅಕ್ಕ, ಯಾರೂ ಟಕ್ ಅನ್ನಿಸಲಿಲ್ಲ."

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. "ಎಷ್ಟು ಹೊತ್ತು ನೋಡಿದೆ?"

"ಅವರು ಸಾಕು ಅನ್ನೋವರೆಗೂ."

"ಎಷ್ಟು ಹೊತ್ತಿಗೆ ಸಾಕು ಅಂದರು?"

"ಕಾಫಿ ತಂದವನು ಲೋಟ ಇಟ್ಟು ಹೋದ. ಆಮೇಲೆ ಬಂದು ಲೋಟ ತಗೊಂಡು ಹೋದ. ಆಮೇಲೆ."

ಎಂಟು ತಿಂಗಳಲ್ಲಿ ನಾನು ಅವನಿಗೆ ನೋಡುವುದನ್ನು ಕಲಿಸಿದ್ದೆ. ನಿಲ್ಲಿಸುವುದು ನನ್ನ ಕೈಯಲ್ಲಿತ್ತು, ಪೆನ್ನಿನಲ್ಲಿತ್ತು. ಅದನ್ನು ಅವನಿಗೆ ಕಲಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ವಾಪಸ್ ನಡೆಯುವಾಗ ಮಾರುಕಟ್ಟೆಯ ತಿರುವಿನಲ್ಲಿ ಎರಡು ಆಟೋಗಳು ಒಂದಕ್ಕೊಂದು ಹಾರ್ನ್ ಹೊಡೆಯುತ್ತ ನಿಂತಿದ್ದವು. ಚೆಲುವ ಕಿವಿ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತ. ಆಮೇಲೆ ರಸ್ತೆಯ ಮೇಲೆ ಮಲಗಿ ಕಿವಿ ಇಟ್ಟ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಿವಿ ಇಟ್ಟ. ಎದ್ದು ಎರಡು ಹೆಜ್ಜೆ ಆಚೆ ಹೋಗಿ ಅಲ್ಲಿ ಮಲಗಿದ. ಹೊಸ ಅಂಗಿಗೆ ಧೂಳಾಗುತ್ತದೆ ಎಂದು ತಾಯಿ ಕೂಗುತ್ತಿದ್ದರು.

"ಅಕ್ಕ, ಇಲ್ಲಿ ಏನೂ ಇಲ್ಲ. ಮಣ್ಣಿದೆ ಅಷ್ಟೆ."

ಅವನ ಕಾಲಕೆಳಗೆ ಊರಿನ ದೊಡ್ಡ ಪೈಪ್ ಹೋಗುತ್ತಿತ್ತು.

ವಾರದ ನಂತರ ಪತ್ರ ಬಂತು: ಸದರಿ ಹುದ್ದೆಯ ಅವಶ್ಯಕತೆ ಇಲ್ಲದ ಕಾರಣ ರದ್ದುಪಡಿಸಲಾಗಿದೆ. ಅವಶ್ಯಕತೆ ಏಕಿಲ್ಲ ಎಂದು ನೋಡಲು ಬಹಳ ದೂರ ಹೋಗಬೇಕಾಗಲಿಲ್ಲ. ಪದ್ಮರಾಜಯ್ಯ ಹಗಲೆಲ್ಲ ಬೀದಿಯಲ್ಲೇ ಇದ್ದರು. ಪ್ಯಾಂಟಿನ ಮಂಡಿಗೆ ಮಣ್ಣು, ಕೈಯಲ್ಲಿ ಕಬ್ಬಿಣದ ಸರಳು, ಹಿಂದೆ ಗುದ್ದಲಿ ಹಿಡಿದ ಇಬ್ಬರು. ಶಾಲೆಯ ಮುಂದೆ ಅವರನ್ನು ಹಿಡಿದೆ.

"ಅವನದ್ದು ಅವನಿಗೆ ಕೊಟ್ಟುಬಿಡಿ ಸರ್. ನೀವು ಹಿಡ್ಕೊಂಡು ಕೂತರೆ ಸಾಕು, ಅವನು ನೋಡ್ತಾನೆ. ಎಷ್ಟು ಹೊತ್ತು ಬೇಕಾದರೂ ನೋಡ್ತಾನೆ."

ಅವರು ನನ್ನ ಕಿವಿಯನ್ನೂ ನೋಡದೆ ಶಾಲೆಯ ಗೇಟಿನ ಕಡೆ ತಿರುಗಿದರು. "ನಾನೇನು ಕಿತ್ಕೊಂಡೆನೇನಮ್ಮ? ಕೊಟ್ಟ, ತಗೊಂಡೆ."

"ಎಂಟಕ್ಕೆ ನೀವು ನಿಲ್ಲಿಸಬೇಕಿತ್ತು."

"ನಿಲ್ಲಿಸಬೇಕಿತ್ತು." ಅವರು ಒಪ್ಪಿಕೊಂಡಿದ್ದು ನನಗೆ ಆಶ್ಚರ್ಯವಾಯಿತು. "ಎಂಟಕ್ಕೆ ನಿಲ್ಲಿಸೋಣ ಅಂತಲೇ ಇದ್ದೆ. ಅಷ್ಟರಲ್ಲಿ ತಲೆಯೊಳಗೆ ಎಲ್ಲ ನಿಂತುಹೋಯಿತು ಕಣಮ್ಮ. ಫೈಲು, ಮೆಮೊ, ಮನೇಲಿ ಟಿ.ವಿ., ಮೂವತ್ತೊಂದು ವರ್ಷದ ಗಲಾಟೆ. ಬರೀ ನೀರು. ನೀನಾಗಿದ್ರೆ ನಿಲ್ಲಿಸ್ತಿದ್ಯಾ?"

ಅವರು ಸರಳನ್ನು ಊರಿ ಕಿವಿ ಇಟ್ಟರು. ಆ ಮುಖ ನಾನು ನೋಡಿದ್ದ ಮುಖವೇ, ಸ್ನಾನ ಮಾಡಿ ಬಂದವರ ಮುಖ. ನಂತರ ತಲೆಯೆತ್ತದೆಯೇ ಹೇಳಿದರು: "ಹುಡುಗನಿಗೆ ಅನ್ಯಾಯ ಆಗೋದು ಬೇಡ. ದೂರು ವಿಭಾಗದಲ್ಲಿ ಒಂದು ಕುರ್ಚಿ ಇದೆ. ಜನ ನೀರಿನ ತೊಂದರೆ ಹೇಳ್ಕೊಂಡು ಬರ್ತಾರೆ, ಸುಳ್ಳೋ ನಿಜಾನೋ ನೋಡಿ ತಗೊಳ್ಳೋರು ಬೇಕು. ಮೊದಲಿದ್ದವನು ದಿನಕ್ಕೆ ಮೂರು ನೋಟಕ್ಕೇ ತಲೆನೋವು ಅಂತ ಮಲಗ್ತಿದ್ದ. ಇವನು ಕಣ್ಣು ಮಿಟುಕಿಸಲ್ಲ."

ಬೇಡ ಎಂದು ಹೇಳಲು ಪುಟ್ಟತಾಯಮ್ಮನ ಮನೆಗೆ ಹೋದೆ. ನೇಮಕದ ಆದೇಶ ಅವರ ಕೈಗೆ ನನಗಿಂತ ಮೊದಲೇ ತಲುಪಿತ್ತು. ನನ್ನ ಬಾಯಿಗೆ ಮೈಸೂರು ಪಾಕ್ ಇಟ್ಟು ಕಾಲಿಗೆ ಬೀಳಲು ಬಂದರು. "ನನ್ ಮಗನ್ನ ಮನುಷ್ಯನ್ನ ಮಾಡಿದ್ರಿ ತಾಯಿ."

"ಅವನಿಗೆ ಸದ್ದು ಆಗಲ್ಲ ಪುಟ್ಟತಾಯಮ್ಮ. ಅಲ್ಲಿ ಬೆಳಗಿಂದ ಸಂಜೆವರೆಗೂ ಜನ."

ಅವರ ನಗು ಸ್ವಲ್ಪ ಕಡಿಮೆಯಾಯಿತು. "ಗೊತ್ತು. ಈಗ ಮನೇಲೂ ಗೋಡೆಗೆ ತಲೆ ಜಜ್ಕೋತಾನೆ. ನೆಲಕ್ಕೆ ಮಲಗಿ ಎದ್ದು ಬರ್ತಾನೆ, ಸಿಗಲಿಲ್ಲ ಅವ್ವ ಅಂತಾನೆ. ಏನು ಸಿಗಲಿಲ್ಲ ಅಂದ್ರೆ ಅದೂ ಗೊತ್ತಿಲ್ಲ ಅವನಿಗೆ. ಆದ್ರೆ ನಾನು ಎಷ್ಟು ದಿನ ಇರ್ತೀನಿ ಹೇಳಿ? ನನಗೆ ಕೈಯೇ ಬರ್ತಿಲ್ಲ ಈಗ." ರುಬ್ಬಿ ರುಬ್ಬಿ ಬಿಳಿಚಿಕೊಂಡ ಬೆರಳುಗಳನ್ನು ತೋರಿಸಿದರು. "ಕುರ್ಚಿ ಬ್ಯಾಡ ಅನ್ನಕ್ಕೆ ನಾವ್ಯಾರು?"

ನಾನು ಬಾಯಲ್ಲಿದ್ದುದನ್ನು ನುಂಗಿದೆ.

ಕೇಂದ್ರದ ವರ್ಷದ ವರದಿಯಲ್ಲಿ ಚೆಲುವನ ಫೋಟೊ ಬಂತು. ಇನ್ನೂ ಮೂರು ಕಚೇರಿಗಳು, ನಿಮ್ಮಲ್ಲಿ ತರಬೇತಿ ಪಡೆದವರನ್ನು ನೋಟಕ್ಕೆ ಕಳಿಸಿ, ಅವರ ನೆನಪುಗಳು ಬಹಳ ಸ್ವಚ್ಛವಂತೆ ಎಂದು ಬರೆದವು. ಹುದ್ದೆ ಯಾವುದು ಎಂದು ಯಾರೂ ಬರೆದಿರಲಿಲ್ಲ. ಫಿಲೋಮಿನಾ ಟೀಚರ್ ಆ ಪತ್ರಗಳನ್ನು ಓದಿ, ಟೈಪ್‌ರೈಟರಿನ ಕಾಲಿನ ಕೆಳಗೆ ಅಲುಗದಂತೆ ಮಡಚಿ ಇಟ್ಟರು. ನಾನು ತೆಗೆಯಲಿಲ್ಲ.

ಎರಡು ತಿಂಗಳ ಮೇಲೆ ನೀರು ಸರಬರಾಜು ಕಚೇರಿಗೆ ಹೋದೆ. ದೂರಿನ ಸಾಲು ಮೆಟ್ಟಿಲವರೆಗೂ ಇತ್ತು. ಊರಿಗೆ ಇಷ್ಟು ನೀರಿನ ತೊಂದರೆಯೇ ಎಂದುಕೊಂಡೆ. ನಿಂತು ನೋಡಿದಾಗ ಗೊತ್ತಾಯಿತು, ಅರ್ಧದಷ್ಟು ಜನರ ಕೈಯಲ್ಲಿ ಅರ್ಜಿಯೇ ಇರಲಿಲ್ಲ. ಎಂಟು ದಾಟಿದರೂ ಕಣ್ಣು ತೆಗೆಯದ ನೌಕರನೊಬ್ಬ ಅಲ್ಲಿ ಕೂತಿದ್ದಾನೆ ಎಂಬುದು ಊರಿಗೆ ತಿಳಿದುಹೋಗಿತ್ತು. ನನ್ನ ಮುಂದೆ ಇದ್ದ ದಪ್ಪನೆಯ ಗಂಡಸು ಅವನೆದುರು ಬಹಳ ಹೊತ್ತು ಕೂತು, ಎದ್ದು, ಮೈ ಮುರಿದು, ಶಿಳ್ಳೆ ಹಾಕುತ್ತ ಇಳಿದು ಹೋದ.

ಚೆಲುವ ತೆಳ್ಳಗಾಗಿದ್ದ. "ಅಕ್ಕ, ನಿಮ್ಮನೇಲಿ ನೀರು ಬರ್ತಿಲ್ವಾ?"

"ಬರ್ತಿದೆ. ನಿನ್ನ ನೋಡೋಣ ಅಂತ ಬಂದೆ. ಹೇಗಿದ್ದೀಯ?"

"ಫ್ಯಾನಿದೆ. ಕಿರ್ ಅನ್ನುತ್ತೆ." ಅವನು ರಿಜಿಸ್ಟರನ್ನು ನೇರ ಮಾಡಿದ. "ಎಲ್ಲರೂ ಬಂದು ಒಂದೊಂದು ಕೊಡ್ತಾರೆ. ನಿನ್ನೆ ಒಬ್ಬರು ಅಮ್ಮ ಮಗು ಸತ್ತಿದ್ದು ಕೊಟ್ಟರು. ಅದು ನೀರಿನ ದೂರಲ್ಲ. ಯಾವ ಕಾಲಮ್ಮಲ್ಲಿ ಬರೀಬೇಕು ಗೊತ್ತಾಗಲಿಲ್ಲ. ಈಗ ನಂಗೆ ಮಗು ಸತ್ತಿದೆ ಅಕ್ಕ. ನಂಗೆ ಮದುವೆನೇ ಆಗಿಲ್ಲ."

ನಾನು ಕೈ ಚಾಚಿದೆ. ಅವನಿಗೆ ಮುಟ್ಟಿದರೆ ಆಗುವುದಿಲ್ಲ ಎಂದು ನೆನಪಾಗಿ ಹಿಂದಕ್ಕೆಳೆದುಕೊಂಡೆ.

"ಕೊಡಿ ಅಕ್ಕ. ಹಿಂದೆ ಜನ ಇದಾರೆ."

ಅವನು ಕಣ್ಣೆತ್ತಿದ, ನಾನು ಕಲಿಸಿದ್ದ ಹಾಗೆ. ಮೊದಲು ಗಲ್ಲ, ಆಮೇಲೆ ಮೂಗು, ಆಮೇಲೆ ಕಣ್ಣು. ನಾನೂ ನೋಡಿದೆ. ಕ್ಷಮೆ ಕೇಳಲೆಂದು ಬಂದವಳು, ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಕೇಂದ್ರದ ಆ ಕೋಣೆ, ಮೇಜಿನ ಅಂಚು ಸವರುತ್ತಿದ್ದ ಬೆರಳು, ಅದು ಹೋಗುತ್ತಲ್ಲ ಎಂದ ಅವನ ಮಾತು, ನನ್ನ ಉತ್ತರ. ಒಂದು, ಎರಡು, ಮೂರು. ಎದೆಯೊಳಗೆ ಏನೋ ಸಡಿಲವಾಗತೊಡಗಿತು. ಎಷ್ಟು ಸುಲಭವಾಗಿತ್ತೆಂದು ಹೇಳಲು ನಾಚಿಕೆಯಾಗುತ್ತದೆ. ನಾಲ್ಕು, ಐದು. ಮೇಜಿನ ಅಂಚು ಮಸುಕಾಯಿತು. ಆರು. ಇನ್ನೆರಡು ಎಣಿಸಿದರೆ ಇಳಿದು ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯಬಹುದಿತ್ತು.

ಏಳಕ್ಕೆ ಕಣ್ಣು ತೆಗೆದೆ.

"ಎಂಟಾಗಿಲ್ಲ ಅಕ್ಕ" ಎಂದ ಚೆಲುವ. "ಅರ್ಧ ಬಂದು ವಾಪಸ್ ಹೋಯ್ತು. ಇನ್ನೊಂದ್ಸಲ ನೋಡಿ."

"ಬೇಡ."

"ದೂರಿಲ್ಲದೆ ಸಾಲಲ್ಲಿ ನಿಲ್ಲಬಾರದು."

"ಇದೆ. ನನ್ನ ಹತ್ರಾನೇ ಇರಲಿ."

ಅವನು ಯೋಚಿಸಿದ. ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದು, ಅದರ ಮುಂದೆ ದುಂಡಗಿನ ಅಕ್ಷರದಲ್ಲಿ 'ಕೊಡಲಿಲ್ಲ' ಎಂದು ಬರೆದ. ಹಿಂದಿದ್ದ ಹೆಂಗಸು ಆಗಲೇ ನನ್ನನ್ನು ಬದಿಗೆ ಸರಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಅವನ ಎದುರು ಕೂರುತ್ತಿದ್ದಳು.